ಹೂಗಾರ ಸೂಚ್ಯಂಕ

ತುಳಸು ಅಂಬಿಗ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಬೆಳಚು ಎಂಬ ಚಿಪ್ಪುಮೀನು ಹೆಕ್ಕಲು ಹೊಳೆಗೆ ಇಳಿಯುವ ಹಾಗೆಯೇ ಧಾರವಾಡದ ಹಿನ್ನೋಟ ಕೇಂದ್ರದ ಮೂರನೇ ಕೋಣೆಗೆ ಇಳಿದಳು. ಕಾಲಿಗೆ ನೀರು ತಾಗಲಿಲ್ಲ. ತಾಗುವುದಾದರೂ ಹೇಗೆ? ಅಲ್ಲಿ ಹರಿಯುತ್ತಿದ್ದದ್ದು ಬೆಳಕು. ನೆಲದ ಮೇಲೆ, ನಾಲ್ಕೂ ಗೋಡೆಗಳ ಮೇಲೆ ಮೂವತ್ತನಾಲ್ಕು ವರ್ಷದ ಹಿಂದಿನ ಕೇತಕಿ ಹೊಳೆ ಕಾಣುತ್ತಿತ್ತು. ಇಳಿತದ ಹೊತ್ತು. ಸಮುದ್ರ ಹಿಂದಕ್ಕೆ ಸರಿದು ಬಯಲಾದ ಕೆಸರಿನ ಮೇಲೆ ಐವತ್ತು ಅರವತ್ತು ಹೆಂಗಸರು ಬಗ್ಗಿ ಬೆಳಚು ಹೆಕ್ಕುತ್ತಿದ್ದರು. ಅವರ ಬುಟ್ಟಿಯಲ್ಲಿದ್ದ ಚಿಪ್ಪುಗಳು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಿರಲಿಲ್ಲ.

ತುಳಸಕ್ಕ ಒಂದು ಸುತ್ತು ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಇದ್ ಯಾವ ಹೊಳೆ ಅಕ್ಕೋರೆ?"

ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರ್ ಶಾಂಭವಿ ಹೂಗಾರ ಸಮಾಧಾನದಿಂದಲೇ ಹೇಳಿದಳು. "ನಿಮ್ಮದ ಹೊಳಿ, ತುಳಸಕ್ಕ. ಕೇತಕಿ."

"ನಮ್ದಾ? ಹಂಗಾರೆ ಸುಣ್ಣದ ಗೂಡು ಎಲ್ಲದೆ? ಆಚೆ ದಡದಲ್ಲಿ ದಿನಾ ಹೊಗೆ ಏಳ್ತಿತ್ತಲ್ಲ. ದೊಡ್ ಬೆಳಚೆಲ್ಲ ಎಲ್ಲಿ ಹೋಯ್ತು?"

ಈ ಕೋಣೆಯ ಕಥೆ ಸ್ವಲ್ಪ ಹೇಳಬೇಕು. ಹಿನ್ನೋಟ ಎಂಬ ಯಂತ್ರ ಬಂದು ಹನ್ನೆರಡು ವರ್ಷವಾಗಿತ್ತು. ಹಳೆಯ ನಕ್ಷೆ, ಉಪಗ್ರಹದ ಚಿತ್ರ, ಬಂದರಿನ ದಾಖಲೆ, ಸಂಶೋಧನಾ ಪ್ರಬಂಧ, ಸಿಕ್ಕಿದ್ದನ್ನೆಲ್ಲ ಅದು ಓದುತ್ತದೆ. ಪ್ರತಿಯೊಂದಕ್ಕೂ ಒಂದು ತೂಕ ಕೊಡುತ್ತದೆ. ಒಂದು ಪ್ರಬಂಧವನ್ನು ಎಷ್ಟು ಜನ ನಂಬಿ ಮುಂದಿನ ಪ್ರಬಂಧ ಬರೆದರೋ ಅಷ್ಟು ಅದರ ತೂಕ ಹೆಚ್ಚು. ಆ ತೂಕದ ಮೇಲೆ ಯಾವ ಊರು, ಯಾವ ಕಾಡು, ಯಾವ ಹೊಳೆ ಯಾವ ವರ್ಷ ಹೇಗಿತ್ತು ಎಂದು ಕಟ್ಟಿ ನಿಲ್ಲಿಸುತ್ತದೆ. ಜನರ ಬಾಯಿಮಾತಿಗೂ ತೂಕವಿಲ್ಲದೆ ಇರಲಿಲ್ಲ. ಸೊನ್ನೆ ದಶಾಂಶ ಸೊನ್ನೆ ಎರಡು.

ಯಂತ್ರದ ಬೆನ್ನಿಗೇ ಹೊಳೆಹಕ್ಕು ಕಾಯ್ದೆ ಬಂತು. ಓದಲು ಚೆಂದದ ಕಾಯ್ದೆ. ಹೊಳೆಯನ್ನು ಹಾಳು ಮಾಡದೆ ಬಳಸಿದವರಿಗೆ ಹೊಳೆ, ಹಾಳು ಮಾಡಿದವರಿಗೆ ದಡ. ಯಾರು ಹಾಳು ಮಾಡಿದರು ಎಂದು ಹೇಳುವುದು ಮಾತ್ರ ಹಿನ್ನೋಟ. ಕೇತಕಿಯ ಮಟ್ಟಿಗೆ ಅದು ಆಗಲೇ ಹೇಳಿಯಾಗಿತ್ತು: ತುಳಸಕ್ಕನ ಊರಾದ ಕಾಂಡ್ಲಕೇರಿಯ ಹೆಂಗಸರು ಮಿತಿಮೀರಿ ಹೆಕ್ಕಿ ಹೆಕ್ಕಿ ಬೆಳಚಿನ ಸಂತಾನವನ್ನೇ ತೆಗೆದರು. ಎಂಟು ತಿಂಗಳಿಂದ ಅವರು ಹೊಳೆಗೆ ಇಳಿಯುವಂತಿರಲಿಲ್ಲ. ಗುರುವಾರ ನ್ಯಾಯಮಂಡಳಿಯ ಕೊನೆಯ ವಿಚಾರಣೆ. ಅದು ಮುಗಿದರೆ ಹೊಳೆ, ಪಂಜರದಲ್ಲಿ ಬೆಳಚು ಸಾಕುವ ಕಂಪನಿಯೊಂದರ ಪಾಲು, ತೊಂಬತ್ತೊಂಬತ್ತು ವರ್ಷಕ್ಕೆ. ವಿಚಾರಣೆಗೆ ಮೊದಲು ಬಾಧಿತರಿಗೆ ಅವರ ಭೂತಕಾಲವನ್ನು ಒಮ್ಮೆ ತೋರಿಸಬೇಕು ಎಂಬ ನಿಯಮವಿತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ ಎಲ್ಲರ ಪರವಾಗಿ ತುಳಸಕ್ಕ ಇಲ್ಲಿ ನಿಂತಿದ್ದಳು.

ಹಿನ್ನೋಟ ಈ ತೀರ್ಮಾನಕ್ಕೆ ಬಂದದ್ದು ಒಂದೇ ಒಂದು ಪ್ರಬಂಧದ ಆಧಾರದಿಂದ. ಬರೆದವಳು ಶಾಂಭವಿ, ತನ್ನ ಇಪ್ಪತ್ತೇಳನೇ ವಯಸ್ಸಿನಲ್ಲಿ. ಮನೆಗಳ ಹಿತ್ತಲಿನ ಚಿಪ್ಪಿನ ಗುಡ್ಡೆಯನ್ನು ಪದರ ಪದರವಾಗಿ ಬಿಡಿಸಿ ಅಳೆದರೆ ಹೊಳೆಯ ಆರೋಗ್ಯ ತಿಳಿಯುತ್ತದೆ ಎಂಬ ಅವಳ ವಿಧಾನಕ್ಕೆ ಜಗತ್ತೇ 'ಹೂಗಾರ ಸೂಚ್ಯಂಕ' ಎಂದು ಹೆಸರಿಟ್ಟಿತ್ತು. ಅವಳ ನೌಕರಿ, ಪ್ರಶಸ್ತಿ, ಪಾಠಪುಸ್ತಕದಲ್ಲಿನ ಹೆಸರು ಎಲ್ಲ ಆ ಗುಡ್ಡೆಯ ಮೇಲೆ ನಿಂತಿದ್ದವು. ನಿವೃತ್ತಿಗೆ ಇನ್ನು ಆರು ವಾರ.

"ದೊಡ್ಡ ಬೆಳಚು ಇರಲಿಲ್ರೀ," ಎಂದಳು ಶಾಂಭವಿ. "ನಾನ ಅಳದೀನಿ. ಹನ್ನೊಂದು ಸಾವಿರ ಚಿಪ್ಪು. ಗುಡ್ಡಿ ತಳದಾಗ ದೊಡ್ಡವು, ಮ್ಯಾಲಿನ ಮೂರು ವರ್ಷದ ಪದರಿನ್ಯಾಗ ಬರೇ ಸಣ್ಣವು."

ತುಳಸಕ್ಕ ಅವಳ ಮುಖವನ್ನೇ ದಿಟ್ಟಿಸಿ ನೋಡಿದಳು. "ಓ! ಆ ಕಬ್ಬಿಣದ ಇಕ್ಕಳ ಹಿಡ್ಕೊಂಡ್ ಬಂದ ಹುಡ್ಗಿ ನೀವೇಯಾ? ನಾನು ಹೊಸಾ ಮದ್ಲಗಿತ್ತಿ ಆಗ. ಚಾ ಮಾಡ್ಕೊಟ್ಟಿದ್ದೆ ನಿಮ್ಗೆ." ನಗು ಮಾಯವಾಯಿತು. "ಹಿತ್ಲಿಗೆ ಬಿಸಾಡೂದು ಸಣ್ಣದನ್ನೇ ಅಲ್ದಾ ಅಕ್ಕೋರೆ? ದಪ್ಪ ಚಿಪ್ಪು ಯಾರಾದ್ರೂ ಬಿಸಾಡ್ತ್ರಾ? ಗೂಡಿನ ಇನಾಸ ಶನಿವಾರ ಶನಿವಾರ ದೋಣಿ ತಂದು ತಕಂಡ್ ಹೋತಿದ್ದ, ಸುಣ್ಣ ಸುಡೂಕೆ. ಅಂವ ಬರೂಕೆ ಶುರು ಮಾಡಿ ಆಗ ಮೂರು ವರ್ಷ ಆಗಿತ್ತು."

ಶಾಂಭವಿಗೆ ಕಾಲ ಕೆಳಗಿನ ನೆಲವೇ ಕುಸಿದ ಹಾಗಾಯಿತು. ಅದೂ ಬರೀ ಬೆಳಕಿನ ನೆಲ. ಗುಡ್ಡೆಯ ಪದರಗಳಲ್ಲಿ ಸಿಕ್ಕಿದ ಬಿಸ್ಕೀಟು ಪೊಟ್ಟಣಗಳ ಮೇಲಿನ ತಾರೀಖು ನೋಡಿ ವರ್ಷ ಗುರುತಿಸಿದವಳು ಅವಳು. ಎಷ್ಟು ಜಾಣತನ ಎಂದು ಪ್ರಪಂಚ ಹೊಗಳಿತ್ತು. ಆ ಪೊಟ್ಟಣದ ಬಿಸ್ಕೀಟು ತಿಂದವರನ್ನು ಒಂದು ಮಾತು ಕೇಳುವಷ್ಟು ಜಾಣತನ ಇರಲಿಲ್ಲ.

"ನೀವು ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ವಿ. ಎಂಟ್ ತಿಂಗ್ಳಿಂದ ಹೇಳ್ತಾ ಇದ್ವಿ. ತೂಕ ಸಾಕಾಗೂದಿಲ್ಲ ಅಂದ್ರು," ಎಂದು ತುಳಸಕ್ಕ ಚಪ್ಪಲಿ ಮೆಟ್ಟಿಕೊಂಡಳು. "ಅವತ್ತು ನೀವು ಚಾ ಕುಡದ್ರಿ, ಗುಡ್ಡೆ ಅಳದ್ರಿ, ಹೋದ್ರಿ. ನಮ್ಮನ್ನ ಎಂತದೂ ಕೇಳ್ಲಿಲ್ಲ."

*

ಸಂಜೆ ಮನೆಯಲ್ಲಿ ಗಂಡ ಚನ್ನವೀರ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ. ನಿವೃತ್ತ ಡ್ರಾಯಿಂಗ್ ಮಾಸ್ತರ. ಹೆಂಡತಿಯ ಪ್ರಬಂಧದ ಆ ಪ್ರಸಿದ್ಧ ನಕ್ಷೆ, ಬೆಟ್ಟದಿಂದ ಕಣಿವೆಗೆ ಬಿದ್ದಂತೆ ಜಾರುವ ಗೆರೆ, ಅವನೇ ಇಂಡಿಯನ್ ಇಂಕಿನಲ್ಲಿ ಬರೆದದ್ದು. ಮದುವೆಗೆ ಮುಂಚೆ. ಅದನ್ನು ಬರೆದುಕೊಟ್ಟೇ ಅವಳನ್ನು ಒಲಿಸಿಕೊಂಡೆ ಎಂದು ಬಂದವರಿಗೆಲ್ಲ ಹೇಳುವ ಚಟ ಅವನಿಗೆ.

ಶಾಂಭವಿ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಗಿ ಕೋಪ ಬಂತು.

"ಅಳತಿ ತಪ್ಪಿಲ್ರೀ. ಮಿಲಿಮೀಟರಿಗೆ ಸರಿ ಐತಿ. ದೊಡ್ಡ ಚಿಪ್ಪು ಬ್ಯಾರೆ ಕಡೆ ಹೋಗಿದ್ವು, ಅಷ್ಟ. ನಾ ಉಳದಿದ್ದನ್ನ ಅಳದು ಹೊಳಿನ ಸತ್ತೈತಿ ಅಂದೆ. ಬೆಳಚು ಖರೇ ಅಂದ್ರ ಕಮ್ಮಿ ಆಗಿದ್ದು ಹನ್ನೆರಡು ವರ್ಷ ಬಿಟ್ಟು, ಹೊಳಿ ಸಮುದ್ರ ಸೇರೂ ಅಳಿವಿ ಬಾಯಿಗೆ ಕಲ್ಲಿನ ತಡೆಗೋಡಿ ಕಟ್ಟಿದ ಮ್ಯಾಲೆ. ಉಪ್ಪುನೀರು ಒಳಗ ಬರೂದ ನಿಂತುಬಿಡ್ತು. ಆ ಪಾಪ ಯಾರ ತಲಿಗೂ ಬರಲಿಲ್ಲ. ಯಾಕಂದ್ರ ನಾ ಮೊದಲ ಹೆಂಗಸರ ತಲಿಗೆ ಕಟ್ಟಿಟ್ಟಿದ್ದೆ."

ಚನ್ನವೀರ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಒಟ್ಟಿದ. "ಆರು ವಾರ ಸುಮ್ಮನಿದ್ರ ಯಾರೂ ಕೇಳಂಗಿಲ್ಲ, ಶಾಂಭವಿ."

"ಅದ ಆಗೇತಿ ನೋಡ್ರಿ ಮೂವತ್ತನಾಲ್ಕು ವರ್ಷದಿಂದ. ಯಾರೂ ಕೇಳಿಲ್ಲ."

ಚನ್ನವೀರ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದ. ಹೆಂಡತಿಯ ಹೆಸರು ತನ್ನದೇ ಹೆಸರು ಎಂದುಕೊಂಡು ಬದುಕಿದ ಮನುಷ್ಯ. ಅವನಿಗೆ ಸಂಕಟವಾಗದೆ ಇರುತ್ತದೆಯೇ?

"ನಿನ್ನ ಹೆಸರು ಮಣ್ಣು ಪಾಲಾಗ್ತೈತಿ. ಗೊತ್ತೈತೇನು?"

"ಆಗಲಿ. ಇಷ್ಟು ವರ್ಷ ನನ್ನ ತಪ್ಪು ಹೊತ್ತವರು ಆ ಹೆಂಗಸರು. ಇನ್ನ ನಾ ಹೊರತೀನಿ."

"ಮತ್ತ ಗೆರಿ ಬರದಾಂವ ನಾನಲ್ಲೇನು?" ಎಂದ ಚನ್ನವೀರ. "ನೀ ಅಳದಿ, ನಾ ಬರದೆ. ಇಬ್ಬರೂ ಕೇಳಲಿಲ್ಲ. ನಾಳೆ ಎಲ್ಲಿಗೆ ಹೊಂಟಿ ಹೇಳು, ಬುತ್ತಿ ಕಟ್ಟತೀನಿ."

*

ಮರುದಿನ ಅವಳು ಹೋದದ್ದು ಹಿನ್ನೋಟದ ನಿಯಂತ್ರಣ ಕೊಠಡಿಗೆ. ಅಲ್ಲಿನ ನಿರ್ದೇಶಕ ಪ್ರಮಥ ಅವಳದೇ ಶಿಷ್ಯ, ಮೈಸೂರಿನ ಕಡೆಯವನು. ಗುರುಗಳು ಬಂದರೆಂದು ಎದ್ದು ನಿಂತ. ಅವಳು ಬಂದ ಕಾರಣ ಕೇಳಿ ಮತ್ತೆ ಕೂತ.

ಪ್ರಬಂಧ ಹಿಂಪಡೆಯುವ ಅರ್ಜಿ ತೆರೆಯಿತು. 'ದೋಷದ ಕಾರಣ' ಎಂಬ ಕಡೆ ಯಂತ್ರವೇ ಪಟ್ಟಿ ಕೊಟ್ಟಿತ್ತು: ಉಪಕರಣದ ದೋಷ, ಎಣಿಕೆಯ ದೋಷ, ಮಾದರಿ ಅದಲುಬದಲು. ಶಾಂಭವಿಯ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ. 'ಇತರೆ' ಎಂಬುದನ್ನು ಒತ್ತಿ, 'ಚಿಪ್ಪಿನ ಗುಡ್ಡೆಯ ಮನೆಯವರನ್ನು ಕೇಳಲಿಲ್ಲ' ಎಂದು ಬರೆದಳು.

ಯಂತ್ರ ಎರಡು ಕ್ಷಣ ಯೋಚಿಸಿ ಉತ್ತರ ಕೊಟ್ಟಿತು. ಈ ಪ್ರಬಂಧದ ಮೇಲೆ ಸಾವಿರದ ನಾನೂರ ಅರವತ್ತೆರಡು ಪ್ರಬಂಧಗಳು ನಿಂತಿವೆ. ಲೇಖಕರ ಹೇಳಿಕೆಯ ಹಿಂದೆ ವಸ್ತುಸಾಕ್ಷಿ ಇಲ್ಲ. ಹೇಳಿಕೆಯ ವರ್ಗ: ಬಾಯಿಮಾತು. ತೂಕ: ಸೊನ್ನೆ ದಶಾಂಶ ಸೊನ್ನೆ ಎರಡು.

ಶಾಂಭವಿ ಜೋರಾಗಿ ನಕ್ಕಳು. ಪ್ರಮಥನಿಗೆ ಗಾಬರಿಯಾಯಿತು.

"ನನ್ನ ಪ್ರಬಂಧ ನನ್ನ ಮಾತು ಕೇಳವಲ್ದು ನೋಡಪಾ. ನಾನೂ ತುಳಸಕ್ಕನೂ ಈಗ ಸರಿ ಸರಿ ಆದ್ವಿ."

"ಮೇಡಂ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಬರೀ ಕೇತಕಿ ಅಲ್ಲ. ಹತ್ತೊಂಬತ್ತು ಹೊಳೆಗಳ ತೀರ್ಪು ನಿಮ್ಮ ಸೂಚ್ಯಂಕದ ಮೇಲೆ ಆಗಿದೆ. ಇದೊಂದು ಕಲ್ಲು ತೆಗೆದ್ರೆ ಅಷ್ಟೂ ಬೀಳುತ್ತೆ. ಕೇಂದ್ರದ ಮೇಲೆ ಜನ ನಂಬಿಕೆ ಇಡೋದು ಹೇಗೆ?"

"ಹತ್ತೊಂಬತ್ತು ಹೊಳಿ ದಂಡಿ ಮ್ಯಾಲೆ ಹೆಂಗಸರು ಕೈ ಕಟಗೊಂಡು ಕುಂತಾರ, ಪ್ರಮಥ. ಅವರ ನಂಬಿಕಿ ಯಾವ ಲೆಕ್ಕಕ್ಕೂ ಇಲ್ಲೇನು? ನಾವು ನ್ಯಾಯ ಅಂತ ಪಾಠ ಮಾಡಿದ್ದು ಪರೀಕ್ಷಾಕ್ಕ ಅಷ್ಟ ಏನು?"

ಪ್ರಮಥ ಕೆಟ್ಟವನಲ್ಲ. ಕುರ್ಚಿ ಸಿಕ್ಕಿದವರಿಗೆಲ್ಲ ಬರುವ ಹೆದರಿಕೆ ಅವನಿಗೂ ಬಂದಿತ್ತು, ಅಷ್ಟೇ.

"ವಸ್ತುಸಾಕ್ಷಿ ತನ್ನಿ," ಎಂದ ಕೊನೆಗೆ. "ಆ ಮೂರು ವರ್ಷದಲ್ಲಿ ಸತ್ತ ದೊಡ್ಡ ಬೆಳಚಿನ ಚಿಪ್ಪು. ಅದರ ತೂಕ ಮಾತ್ರ ಯಾವ ಪ್ರಬಂಧಕ್ಕಿಂತಲೂ ಹೆಚ್ಚು. ಆದ್ರೆ ಎಲ್ಲ ಸುಟ್ಟು ಸುಣ್ಣ ಆಗಿದೆ ಅಂತೀರಲ್ಲ, ಎಲ್ಲಿಂದ ತರ್ತೀರಿ?"

ಅವಳಿಗೂ ಗೊತ್ತಿರಲಿಲ್ಲ. ಎದ್ದಳು. ಪ್ರಮಥ ಕಪಾಟಿನಿಂದ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ತೆಗೆದು ಅವಳ ಚೀಲಕ್ಕೆ ಹಾಕಿದ. ಅದು ಉಂಗುರ ಓದುಗ. ಪ್ರತಿಯೊಂದು ಉಬ್ಬರಕ್ಕೂ ಬೆಳಚು ತನ್ನ ಚಿಪ್ಪಿಗೆ ಕೂದಲೆಳೆಯಂಥ ಗೆರೆಯೊಂದನ್ನು ಸೇರಿಸುತ್ತದೆ. ಆ ಗೆರೆಗಳನ್ನು ಓದಿ, ಬೆಳಚು ಎಷ್ಟು ವರ್ಷ ಬದುಕಿತು, ಎಷ್ಟು ದೊಡ್ಡದಿತ್ತು, ಯಾವ ನೀರು ಕುಡಿಯಿತು, ಇಂಗಾಲ ನೋಡಿ ಯಾವ ವರ್ಷದ್ದು ಎಂದು ಚಿಕ್ಕ ಚೂರಿನಿಂದಲೇ ಅದು ಹೇಳಬಲ್ಲದು.

"ರಿಪೇರಿಗೆ ಹೋಗಿದೆ ಅಂತ ಬರೆದಿರ್ತೀನಿ," ಎಂದ ಪ್ರಮಥ, ಅವಳ ಕಣ್ಣು ತಪ್ಪಿಸಿ.

*

ಬುಧವಾರ ಹನ್ನೊಂದು ಗಂಟೆಗೆ ಗಂಡಹೆಂಡತಿ ಕಾಂಡ್ಲಕೇರಿ ಮುಟ್ಟಿದರು. ಇಳಿತದ ಹೊತ್ತು. ಕೆಸರು ಬಯಲಾಗಿ ಬಿದ್ದಿತ್ತು, ಇಳಿಯುವವರಿಲ್ಲ. ಕಂಪನಿಯ ಕಿತ್ತಳೆ ಬಣ್ಣದ ತೇಲುಗುಂಡುಗಳು ಹೊಳೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ದಡದ ಕಟ್ಟೆಯ ಮೇಲೆ ಹೆಂಗಸರು ಖಾಲಿ ಕೈಯಲ್ಲಿ ಕೂತಿದ್ದರು. ಕೆಲಸದ ಹೊತ್ತಿನಲ್ಲಿ ಕೆಲಸವಿಲ್ಲದೆ ಕೂತವರ ಮುಖ ಹೇಗಿರುತ್ತದೋ ಹಾಗೆ ಅವರ ಮುಖವಿತ್ತು.

ಶಾಂಭವಿ ಅವರ ನಡುವೆ ನೆಲದ ಮೇಲೆ ಕೂತಳು. ತಪ್ಪು ತನ್ನದು ಎಂದಳು. ಯಾರೂ ಬಿಡು ಪರವಾಗಿಲ್ಲ ಎನ್ನಲಿಲ್ಲ. ಯಾಕೆ ಅನ್ನಬೇಕು?

"ಈಗ ಕೇಳ್ತೀನಿ," ಎಂದಳು. "ಆವಾಗ ಬೆಳಚು ಮನಿಗೆ ತಂದ ಮ್ಯಾಲೆ ಏನೇನ ಮಾಡ್ತಿದ್ರಿ? ಮೊದಲಿಂದ ಹೇಳ್ರಿ."

ಎಂಟು ತಿಂಗಳು ಯಾರೂ ಕೇಳದ ಪ್ರಶ್ನೆ. ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಬೇಯಿಸುವುದು, ಬಾಯಿ ಬಿಡಿಸುವುದು, ಚಿಪ್ಪು ಎರಡು ಪಾಲು ಮಾಡುವುದು. ಎರಡು ಬೆರಳಗಲಕ್ಕಿಂತ ದೊಡ್ಡದು ಇನಾಸನ ಬುಟ್ಟಿಗೆ, ಸಣ್ಣದು ಹಿತ್ತಲಿಗೆ. ಮೊದಲೆಲ್ಲ ಪಾಲು ಮಾಡುವ ಪದ್ಧತಿಯೇ ಇರಲಿಲ್ಲವಂತೆ. ಇನಾಸನಿಗೆ ಒಮ್ಮೆಲೇ ಸುಣ್ಣದ ದೊಡ್ಡ ಕೆಲಸ ಸಿಕ್ಕಿದ ಮೇಲೆಯೇ ಶುರುವಾದದ್ದು.

"ಏನು ಕೆಲಸ?"

"ಕಚೇರಿ ರಿಪೇರಿ," ಎಂದಳು ತುಳಸಕ್ಕ. "ಪ್ಯಾಟೆಲಿ ಹಳೇ ಕಚೇರಿ ಅದಲ್ಲ, ಅದನ್ನ ಹಳೇ ನಮೂನೀಲೇ ಕಟ್ಬೇಕು, ಸಿಮೆಂಟ್ ಆಗೂದಿಲ್ಲ ಅಂತ ಸರ್ಕಾರದೋರು ಹೇಳಿದ್ರು. ಮೂರು ವರ್ಷ ನಡೀತು. ನಾವೇ ಹೋಗಿ ಬೆಲ್ಲದ ನೀರು ಹಾಕಿ ಸುಣ್ಣ ಕುಟ್ಟಿದ್ದು. ಕೊನೇ ವರ್ಷ ಮೂಡ್ಲ ಬದಿ ಗೋಡೆ ಒಳಮೈ ನಾನೇ ಮೆತ್ತಿದ್ದೆ, ಬಸುರಿ ಆಗಿದ್ದೆ ಆಗ. ಇನಾಸನ ಗೂಡು ಸಮ ಸುಡ್ತಿರ್ಲಿಲ್ಲ. ಬೇಯದ ಚೂರು ಉಳೀತಿತ್ತು, ಮೆತ್ತೂವಾಗ ಕೈಗೆ ಚುಚ್ಚೂದು."

ಶಾಂಭವಿ ಮತ್ತು ಚನ್ನವೀರ ಒಬ್ಬರ ಮುಖ ಒಬ್ಬರು ನೋಡಿದರು.

"ಏನಂದ್ರಿ? ಬೇಯದ ಚೂರು?" ಎಂದಳು ಶಾಂಭವಿ.

"ಹೌದು. ದಪ್ಪ ಚಿಪ್ಪಿನ ಬುಡ ಬೇಗ ಬೇಯೂದಿಲ್ಲ."

"ಆ ಕಚೇರಿ ಈಗ..."

"ನಾಳೆ ನಮ್ಮನ್ನ ಕರದದ್ದು ಅಲ್ಲಿಗೇ ಅಲ್ದಾ?" ಎಂದಳು ತುಳಸಕ್ಕ.

ಮಧ್ಯಾಹ್ನವೇ ಶಾಂಭವಿ ಪಾರಂಪರಿಕ ಕಟ್ಟಡಗಳ ಅಧಿಕಾರಿಗೆ ಅರ್ಜಿ ಬರೆದಳು: ಗೋಡೆಯಿಂದ ಅಂಗೈಯಗಲದ ಗಾರೆ ಬೇಕು. ನಾಲ್ಕು ಗಂಟೆಗೆ ಉತ್ತರ ಬಂತು. ಪರಿಶೀಲನೆಗೆ ತೊಂಬತ್ತು ದಿನ. ಅವಳು ಅದನ್ನು ಓದಿ ಮಡಚಿಟ್ಟು, ತುಳಸಕ್ಕನ ಮೈದುನ ದೋಣಿ ಮಾಡುವ ಬಡಗಿ ಎಂದು ಕೇಳಿದ್ದು ನೆನಪಾಗಿ, ಅವನ ಮನೆಗೆ ಉಳಿ ಸುತ್ತಿಗೆ ಕೇಳಲು ಹೋದಳು.

*

ಗುರುವಾರ ಹತ್ತೂವರೆಗೆ ಕಚೇರಿಯ ಹಜಾರ ತುಂಬಿತ್ತು. ಎತ್ತರದ ಮಾಡು, ಬೆಳ್ಳನೆಯ ದಪ್ಪ ಗೋಡೆಗಳು. ಬಾಗಿಲ ಪಕ್ಕದಲ್ಲಿ ಜೀರ್ಣೋದ್ಧಾರದ ವರ್ಷಗಳನ್ನು ಕೆತ್ತಿದ ಕಲ್ಲು. ಎದುರಿನ ಪರದೆಯ ಮೇಲೆ ಹಿನ್ನೋಟದ ಕೇತಕಿ ಹೊಳೆ, ಅದರಡಿ ಒಂದು ಸಾಲು: 'ಹಾನಿಯ ಕಾರಣ: ಕೈ ಸಂಗ್ರಹ, ನೂರಕ್ಕೆ ಎಂಬತ್ತೊಂದು.' ನ್ಯಾಯಮಂಡಳಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಸೌಮ್ಯ ಮನುಷ್ಯ. ಶಾಂಭವಿಯನ್ನು ಕಂಡು ಅವರೇ ಕೈಮುಗಿದರು.

"ತಜ್ಞರ ಹೇಳಿಕೆ ಒಂದು ಔಪಚಾರಿಕ ವಿಷಯ. ತಮ್ಮ ಪ್ರಬಂಧವನ್ನು ತಾವು ದೃಢೀಕರಿಸಿದರೆ ಸಾಕು, ಪ್ರೊಫೆಸರ್."

"ದೃಢೀಕರಿಸೂದಿಲ್ರೀ," ಎಂದಳು ಶಾಂಭವಿ. "ಅದು ಸುಳ್ಳು."

ಹಜಾರದಲ್ಲಿ ಗುಸುಗುಸು ಎದ್ದಿತು. ಕಂಪನಿಯ ವಕೀಲ ಎದ್ದು ನಿಂತು, ಲೇಖಕರ ಹೇಳಿಕೆಯ ತೂಕ ಸೊನ್ನೆ ದಶಾಂಶ ಸೊನ್ನೆ ಎರಡು ಎಂದು ಯಂತ್ರವೇ ದಾಖಲಿಸಿದೆ ಎಂದ. ಪಾಠ ಮಾಡಿಕೊಂಡೇ ಬಂದಿದ್ದ.

"ಗೊತ್ತೈತ್ರೀ ವಕೀಲಸಾಹೇಬ್ರ. ಬಾಯಿಮಾತು ಬ್ಯಾಡ ಅಂತೀರಿ. ಇರಲಿ, ಗೋಡಿ ಮಾತು ಕೇಳ್ರಿ."

ಅವಳು ನೇರ ಪೂರ್ವದ ಗೋಡೆಗೆ ನಡೆದಳು. ತುಳಸಕ್ಕ ಮುಂಚೆಯೇ ಅಲ್ಲಿ ನಿಂತು, ತಾನು ಮೆತ್ತಿದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ಶಾಂಭವಿ ಚೀಲದಿಂದ ಉಳಿ ತೆಗೆದು ಗೋಡೆಗೆ ಇಟ್ಟು ಸುತ್ತಿಗೆಯಿಂದ ಹೊಡೆದಳು. ಒಂದು. ಎರಡು. ಅರವತ್ತೊಂದು ವರ್ಷದ ಕೈ, ಒಂದು ಪೆಟ್ಟೂ ತಪ್ಪಲಿಲ್ಲ. ಇಂಥ ಖುಷಿ ಅವಳಿಗೆ ಯಾವ ಪ್ರಶಸ್ತಿ ತೆಗೆದುಕೊಳ್ಳುವಾಗಲೂ ಆಗಿರಲಿಲ್ಲ. ಪಾರಂಪರಿಕ ಕಟ್ಟಡಗಳ ಅಧಿಕಾರಿ, "ಅಯ್ಯೋ, ಅಯ್ಯೋ, ಏನ್ ಮಾಡ್ತಿದೀರಿ!" ಎಂದು ಕೂಗಿಕೊಂಡು ಓಡಿಬಂದ. ಇಬ್ಬರು ಪೊಲೀಸರು ಮುಂದೆ ಬಂದರು. ಅಷ್ಟರಲ್ಲಿ ಕಾಂಡ್ಲಕೇರಿಯ ಹೆಂಗಸರು ಎದ್ದು ಅವಳ ಸುತ್ತ ನಿಂತಾಗಿತ್ತು. ಯಾರೂ ಯಾರನ್ನೂ ಮುಟ್ಟಲಿಲ್ಲ. ಸುಮ್ಮನೆ ನಿಂತರು. ಪೊಲೀಸರೂ ನಿಂತರು.

ಚನ್ನವೀರ ಕೆಳಗೆ ಹಾಸಿದ್ದ ಪಂಚೆಯ ಮೇಲೆ ಗಾರೆಯ ಹೆಂಟೆಗಳು ಬಿದ್ದವು. ಒಡೆದು ನೋಡಿದರೆ ಒಳಗೆ ಬೂದುಬಿಳಿ ಚೂರುಗಳು, ಚಿಪ್ಪಿನ ಬುಡದ ದಪ್ಪ ಭಾಗ. ಒಂದಲ್ಲ, ಹದಿನೇಳು. ತುಳಸಕ್ಕ ಒಂದನ್ನು ಎತ್ತಿ ತನ್ನ ಬೆರಳ ತುದಿಗೆ ಒತ್ತಿ ನೋಡಿದಳು.

"ಇದೇ ಚುಚ್ತಿದ್ದದ್ದು," ಎಂದಳು.

ಶಾಂಭವಿ ಅಧ್ಯಕ್ಷರ ಕಡೆ ತಿರುಗಿದಳು. "ಗೋಡಿ ಒಡದಿದ್ದಕ್ಕ ಕೇಸ್ ಹಾಕ್ರಿ ಸರ್, ಒಪ್ಪಿಕೊಳ್ತೀನಿ. ಆದ್ರ ಅದಕ್ಕಿಂತ ಮೊದಲಿನ ಕೇಸು ಒಂದೈತಿ, ಮೂವತ್ತನಾಲ್ಕು ವರ್ಷದ್ದು. ಇವರನ್ನ ಕೇಳದ ಇವರ ಮ್ಯಾಲೆ ತೀರ್ಪು ಬರದೆ. ಅದನ್ನ ಮೊದಲು ಬರಕೊಳ್ರಿ."

ಅಧ್ಯಕ್ಷರು ಎದ್ದು ಬಂದು ಗೋಡೆಯ ಗಾಯವನ್ನು ಮುಟ್ಟಿ ನೋಡಿದರು. ಆಮೇಲೆ, "ವಸ್ತುಸಾಕ್ಷಿ ಮಂಡಳಿಯ ಕಣ್ಣೆದುರೇ ಸಿಕ್ಕಿದೆ. ಓದಿಸಿ," ಎಂದರು.

ಉಂಗುರ ಓದುಗ ನಲವತ್ತು ನಿಮಿಷ ತೆಗೆದುಕೊಂಡಿತು. ಒಂದೊಂದೇ ಚೂರಿನ ಫಲ ಪರದೆಯ ಮೇಲೆ ಬಂತು. ನೀರು ಕೇತಕಿಯದು. ವಯಸ್ಸು ನಾಲ್ಕು, ಐದು ವರ್ಷ. ಅಗಲ ಮೂರು ಬೆರಳು. ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲ ಬಾಗಿಲ ಕಲ್ಲಿನ ಮೇಲಿನ ವರ್ಷಗಳನ್ನೇ ಹೇಳಿತು. ದೊಡ್ಡ ಚಿಪ್ಪೇ ಇಲ್ಲ ಎಂದು ಜಗತ್ತು ನಂಬಿದ್ದ ಮೂರು ವರ್ಷ, ಹೊಳೆಯಲ್ಲಿ ಮುದಿ ಬೆಳಚುಗಳು ಸುಖವಾಗಿ ಬದುಕಿದ್ದವು. ಹಿನ್ನೋಟ ಲೆಕ್ಕ ಮತ್ತೆ ಹಾಕಿತು. ಪರದೆಯ ಮೇಲಿನ ಸಾಲು ಅಳಿಸಿಹೋಗಿ ಹೊಸದು ಬಂತು: 'ಹಾನಿಯ ಕಾರಣ: ಅಳಿವೆ ಬಾಯಿಯ ತಡೆಗೋಡೆ, ನೂರಕ್ಕೆ ಎಪ್ಪತ್ತನಾಲ್ಕು. ತಾತ್ಕಾಲಿಕ.'

ಹೆಂಗಸರು ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅದು.

ಶಾಂಭವಿಯ ಫೋನು ಬಡಿದುಕೊಂಡಿತು. ಪ್ರಮಥ. "ಮೇಡಂ, ಹತ್ತೊಂಬತ್ತು ಹೊಳೆನೂ 'ಅನಿಶ್ಚಿತ' ಅಂತ ತೋರಿಸ್ತಿದೆ. ಸೂಚ್ಯಂಕವನ್ನ ಯಂತ್ರ ತೆಗೆದುಹಾಕಿದೆ. ನಿಮ್ಮ ಹೆಸರೇ ಇಲ್ಲ."

"ಚಲೋ ಆತು," ಎಂದಳು ಅವಳು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. "ನನ್ನ ಉಳಿದ ಪ್ರಬಂಧನೂ ತೆಗದು ನೋಡು. ಎಲ್ಲೆಲ್ಲಿ ಜನರ ಹೆಸರಿಲ್ಲ, ಅಲ್ಲೆಲ್ಲ ಹೋಗಿ ಕೇಳೂದೈತಿ. ಆರು ವಾರ ಆದಮ್ಯಾಲೆ ನನಗೇನು ಕೆಲಸ?"

ಆದರೆ ಕಂಪನಿಯ ವಕೀಲನೂ ಸುಮ್ಮನೆ ಬಿಡುವವನಲ್ಲ. ಹೊಸ ಲೆಕ್ಕ ತಾತ್ಕಾಲಿಕ, ನಿಯಮದ ಪ್ರಕಾರ ಅದರ ಮರುಪರಿಶೀಲನೆಗೆ ಒಂದು ವರ್ಷ ಬೇಕು, ಅಲ್ಲಿಯವರೆಗೆ ಯಥಾಸ್ಥಿತಿ ಇರಲಿ ಎಂದ. ಯಥಾಸ್ಥಿತಿ ಎಂದರೆ ಹೆಂಗಸರು ದಡದಲ್ಲಿ. ಅಧ್ಯಕ್ಷರು ನಿಯಮದ ಪುಸ್ತಕ ತಿರುವಿ, ಬೇಸರದಿಂದಲೇ ತಲೆಯಾಡಿಸಿದರು. ನಿಯಮ ಹಾಗೇ ಇತ್ತು. ಶಾಂಭವಿ ಹೆಂಗಸರ ಕಡೆ ತಿರುಗಿ ನೋಡಿದಳು. ಗೆದ್ದೂ ಇನ್ನೊಂದು ವರ್ಷ ಇವರು ಕಟ್ಟೆಯ ಮೇಲೆ ಕೂರಬೇಕೇ?

"ಅದಿರಲಿ, ಈ ಗೋಡೆಯ ಗತಿ ಏನು?" ಎಂದು ಪಾರಂಪರಿಕ ಅಧಿಕಾರಿ ಅಳುವ ದನಿಯಲ್ಲಿ ಕೇಳಿದ. "ತಿಂಗಳೊಳಗೆ ಮೊದಲಿನ ಹಾಗೆ ಮಾಡದಿದ್ದರೆ ಕಾನೂನು ಪ್ರಕಾರ ಈ ಹಜಾರವನ್ನು ಮುಚ್ಚಬೇಕಾಗುತ್ತದೆ. ಇದೇ ಊರಿನ ಚಿಪ್ಪಿನ ಸುಣ್ಣವೇ ಆಗಬೇಕು. ಸಿಮೆಂಟು ಮುಟ್ಟಿಸುವಂತಿಲ್ಲ."

"ಎಲ್ಲಿ ಸಿಗುತ್ತದೆ ಆ ಸುಣ್ಣ?" ಎಂದರು ಅಧ್ಯಕ್ಷರು.

ತುಳಸಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

"ಕೇತಕಿಲಿ ಸಿಗ್ತದೆ ಸಾಯ್ಬ್ರೆ. ಮೂರು ಬೆರಳಿಂದು ಮೊದ್ಲಿನಷ್ಟಿಲ್ಲ. ಮೇಲ್ದಂಡೆ ಬದಿಗೆ ಸ್ವಲ್ಪ ಉಳದದೆ, ಎಲ್ಲಿ ಅಂತ ನಮ್ಗೆ ಗೊತ್ತದೆ, ಮಷಿನಿಗೆ ಗೊತ್ತಿಲ್ಲ. ಹೆಕ್ಕೂಕೆ ನಾವೇ ಬೇಕು, ಸುಡೂಕೆ ನಾವೇ ಬೇಕು, ಮೆತ್ತೂಕೂ ನಾವೇ ಬೇಕು. ಹೊಳೆಗಿಳೀದೆ ಎಂತದೂ ಆಗೂದಿಲ್ಲ."

ವಕೀಲ ಬಾಯಿ ತೆರೆದ. ಅಧ್ಯಕ್ಷರು ಕೈಯೆತ್ತಿ ಅವನನ್ನು ತಡೆದರು. ಅವರ ಮುಖದ ಮೇಲೆ ಬೆಳಗಿನಿಂದ ಇರದಿದ್ದ ಒಂದು ನ್ಯಾಯಾಧೀಶರ ಕಳೆ ಬಂದಿತ್ತು. ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು: "ಕಾಂಡ್ಲಕೇರಿಯ ಮಹಿಳೆಯರು ನಾಳೆಯ ಇಳಿತದಿಂದ ಹೊಳೆಗೆ ಇಳಿಯತಕ್ಕದ್ದು. ಕಟ್ಟಡದ ದುರಸ್ತಿ ಮುಗಿಯುವವರೆಗೆ ಅವರನ್ನು ಯಾರೂ ತಡೆಯುವಂತಿಲ್ಲ."

ಗುಮಾಸ್ತ ಬರೆದ. ಅಧ್ಯಕ್ಷರು ಸಹಿ ಹಾಕಿದರು. ಪೊಲೀಸರು ಗೋಡೆಯ ಪ್ರಕರಣದ ಹೇಳಿಕೆ ಬರೆಸಿಕೊಳ್ಳಲು ಶಾಂಭವಿಯ ಬಳಿಗೆ ಬಂದರು. ಅವಳು ಉಳಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ತುಳಸಕ್ಕ ಅವಳ ಕೈ ಹಿಡಿದು ನಿಲ್ಲಿಸಿ, ಹಜಾರದ ಉದ್ದಕ್ಕೂ ಕಣ್ಣಾಡಿಸಿದಳು.

"ಅಕ್ಕೋರೆ, ಉಳಿ ಇಲ್ಲೇ ಬಿಟ್ಟು ಹೋಗಿ," ಎಂದಳು. "ಕಚೇರಿಗೆ ಇನ್ನೂ ಹನ್ನೊಂದು ಗೋಡೆ ಅದೆ."